ನಾನಿನ್ನೂ ನೋಡದ ಗೋಡೆ

ಸೆಪ್ಟೆಂಬರ್ 3, ಬುಧವಾರ

ಮಾತ್ರೆ ಶುರುವಾಗಿ ಇವತ್ತಿಗೆ ಐವತ್ತು ದಿನ. ಬರೆದಿಟ್ಟರೆ ಹೆದರಿಕೆ ಇಳಿಯುತ್ತದೆ ಎಂದು ಮುರುಗೇಶ್ ಈ ಡೈರಿ ತಂದುಕೊಟ್ಟಿದ್ದಾನೆ. ಅವನ ಟ್ಯಾಕ್ಸಿ ಕಂಪನಿಯವರು ಜನವರಿಯಲ್ಲಿ ಹಂಚಿದ್ದು. ಎಂಟು ತಿಂಗಳ ಹಾಳೆ ಖಾಲಿ ಬಿದ್ದಿರುವ ಡೈರಿ, ಹೆಂಡತಿಗೆ ಗಂಡ ಕೊಡುವ ಉಡುಗೊರೆ ನೋಡಿ!

ಬೇರೆ ಯಾರಿಗೂ ಹೇಳಿಲ್ಲ, ಇಲ್ಲಾದರೂ ಹೇಳಿಬಿಡುತ್ತೇನೆ. ನನಗೆ ಕುತ್ತಿಗೆ ಗಂಟಿನ ಟಿಬಿ. ಎಡಗಿವಿಯ ಕೆಳಗೆ, ಗೋಲಿಯಷ್ಟು ದಪ್ಪ. "ಇದು ಯಾರಿಗೂ ಅಂಟಲ್ಲಮ್ಮ. ಆರು ತಿಂಗ್ಳು ಮಾತ್ರೆ ತಪ್ಪಿಸ್ಬೇಡಿ, ಅಷ್ಟೇ" ಎಂದಿದ್ದಾರೆ ಆಸ್ಪತ್ರೆಯ ಡಾಕ್ಟರಮ್ಮ. ಅಂಟುವುದಿಲ್ಲವೆಂದು ಅವರಿಗೆ ಗೊತ್ತು, ನನಗೆ ಗೊತ್ತು. ಬ್ರೋಕರ್ ಅನಂತರಾಜುಗೆ ಗೊತ್ತೇ? ಟಿಬಿ ಎಂಬ ಮಾತು ಕಿವಿಗೆ ಬಿದ್ದರೆ ಆ ಮಹಾಶಯ ನನ್ನನ್ನು ಯಾರ ಮನೆಯ ಹೊಸಿಲೂ ದಾಟಿಸುವುದಿಲ್ಲ. ಮಾರಾಟಕ್ಕಿರುವ ಮನೆಗಳನ್ನು ಕೊಳ್ಳುವವರು ಮೆಚ್ಚುವಂತೆ ಸಿಂಗರಿಸಿ ಕೊಡುವುದೇ ನನ್ನ ಕೆಲಸ. ಅವನು ಕರೆದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಈ ಸೆಖೆಯಲ್ಲೂ ಕುತ್ತಿಗೆಗೆ ವೇಲ್ ಸುತ್ತಿಕೊಂಡು ಓಡಾಡುತ್ತೇನೆ.

ಈ ಕೆಲಸದಲ್ಲಿ ಎಲ್ಲರೂ ಕೆನೆ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಾರೆ. ಈ ಸಂಯುಕ್ತಾ ಹಾಗಲ್ಲ! ಹಾಲ್‌ನಲ್ಲಿ ಮೂರು ಗೋಡೆ ತಿಳಿ, ಬಾಗಿಲು ತೆಗೆದ ಕೂಡಲೇ ಎದುರಾಗುವ ಒಂದು ಗೋಡೆ ಮಾತ್ರ ಗಾಢ. ಮೊಬೈಲಿನಲ್ಲಿ ಮನೆ ಹುಡುಕುವವರ ಹೆಬ್ಬೆರಳು ಆ ಫೋಟೋ ಬಂದಾಗ ನಿಲ್ಲಬೇಕು. ಆರ್.ಟಿ. ನಗರದ ಪೇಂಟ್ ಅಂಗಡಿಯಲ್ಲಿ ಹನ್ನೊಂದು ವರ್ಷ ಕೌಂಟರಿನಲ್ಲಿ ನಿಂತವಳು ನಾನು. ಬಣ್ಣ ಕಲಸುವ ಯಂತ್ರ ಕೆಟ್ಟ ದಿನ ಮಾಲೀಕರು ನನ್ನ ಹೆಸರೇ ಕೂಗುತ್ತಿದ್ದರು. ಈಗಲೂ ಕಂಪನಿಯ ನಂಬರ್ ನೋಡಿ ಬಣ್ಣ ತರಿಸುವ ಅಭ್ಯಾಸವಿಲ್ಲ. ಬಿಳಿ ಬೇಸ್ ಡಬ್ಬಕ್ಕೆ ಸ್ಟೇನರ್ ಎಂಬ ಗಾಢ ಬಣ್ಣದ ಬಾಟಲಿಗಳಿಂದ ಹನಿ ಹನಿ ಬಿಟ್ಟು, ಕಲಸಿ, ಕಣ್ಣಳತೆಯಲ್ಲೇ ತರುತ್ತೇನೆ. ಬಾಟಲಿಗಳ ಮೇಲಿನ ಚೀಟಿ ಎಂದೋ ಮಾಸಿಹೋಗಿದೆ. ಬಣ್ಣ ನೋಡಿದರೆ ಗೊತ್ತಾಗುವುದಿಲ್ಲವೇ, ಓದಬೇಕೇ?

ಇವತ್ತು ಸಹಕಾರನಗರದ ಫ್ಲಾಟಿಗೆ ನೇರಳೆ ಬಣ್ಣ. ಮಾಗಿದ ನೇರಳೆ ಹಣ್ಣನ್ನು ಹಿಸುಕಿದಾಗ ಸಿಪ್ಪೆಗೂ ತಿರುಳಿಗೂ ನಡುವೆ ಒಂದು ಕೆಂಪು ಇಣುಕುತ್ತದಲ್ಲ, ಆ ಕೆಂಪು ಬರುವವರೆಗೂ ಬಿಡಲಿಲ್ಲ. ಹದಿನಾಲ್ಕು ವರ್ಷದಿಂದ ಜೊತೆಗಿರುವ ನನ್ನ ಪೇಂಟರ್ ಹಬೀಬುಲ್ಲಾ ಭಾಯಿ "ಮಾಶಾಲ್ಲಾ" ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಆದರೂ ದಿನವೂ ಬೆಳಿಗ್ಗೆ ಬಚ್ಚಲಿನಲ್ಲಿ ಎದೆ ಧಸಕ್ಕೆನ್ನುತ್ತದೆ. ಮಾತ್ರೆಯಿಂದಾಗಿ ಮೂತ್ರ ಕಡು ಕಿತ್ತಳೆ ಬಣ್ಣ. ಹಾಗಾಗುವುದು ಮಾಮೂಲಿ ಎಂದು ನರ್ಸ್ ಮೊದಲೇ ಹೇಳಿದ್ದರು. ಹೇಳಿದರೇನು, ಹೆದರಿಕೆಗೆ ಕಿವಿ ಇದೆಯೇ?

ಸೆಪ್ಟೆಂಬರ್ 20, ಶನಿವಾರ

ಗಂಟು ಕರಗುತ್ತಿದೆ. ಬೆರಳಿಟ್ಟರೆ ಕಡಲೆಕಾಳಿನಷ್ಟು. ದೇವರೇ, ಹೀಗೇ ಹೋಗಲಿ.

ನಿನ್ನೆ ಯಶವಂತಪುರದ ಮನೆಗೆ ಗಿಣಿಹಸಿರು ಕಲಸಿದೆ. ಭಾಯಿ ಬಕೆಟ್ಟಿನಲ್ಲಿ ಕೋಲು ಆಡಿಸುತ್ತಾ ನಿಂತೇ ಇದ್ದರು.

"ಅಮ್ಮಾ, ಕಿಟಕಿ ಹತ್ರ ತಂದು ಇನ್ನೊಂದ್ಸಲ ನೋಡ್ತೀರಾ?"

"ಯಾಕೆ? ನನ್ ಕಣ್ಣಿಗೆ ನೀವು ಪರೀಕ್ಷೆ ಇಡ್ತೀರಾ?"

"ಅಯ್ಯೋ ಇಲ್ಲಮ್ಮಾ" ಎಂದು ಮತ್ತೆ ಕೋಲು ಆಡಿಸತೊಡಗಿದರು. ವಯಸ್ಸು ಅರವತ್ತಾಯಿತು, ಅವರಿಗೇ ಈಗ ಕಣ್ಣು ಮಂಜಾಗಿರಬೇಕು. ಇವತ್ತು ಹೋದರೆ ಮನೆಯವರು "ಗೋಡೆ ಮೇಲೆ ಗಿಣಿ ಕೂತಂಗಿದೆ" ಎಂದು ಹೊಗಳಿದ್ದೇ ಹೊಗಳಿದ್ದು. ಭಾಯಿಯ ಕಡೆ ಒಂದು ನೋಟ ಬೀರಿದೆ. ಅವರು ಉಪ್ಪುಕಾಗದದಲ್ಲಿ ಬಾಗಿಲು ಉಜ್ಜುತ್ತಾ ತಲೆ ಎತ್ತಲಿಲ್ಲ.

ನನಗೆ ಮಾತ್ರ ಆ ಹಸಿರು ಸ್ವಲ್ಪ ಪೇಲವವಾಗಿ ಕಂಡಿತು. ಈಗಿನ ಎಲ್‌ಇಡಿ ದೀಪಗಳ ಕೆಳಗೆ ಎಲ್ಲವೂ ಹಾಗೆಯೇ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಬ್ರಷ್ಷು, ರೋಲರು, ಬಾಟಲಿಗಳನ್ನು ಸಾಲಾಗಿಟ್ಟು, ಮುರುಗೇಶನ ಕಾರನ್ನು ಬಾಗಿಲ ಮುಂದೆ ನಿಲ್ಲಿಸಿ ಪೂಜೆ ಮಾಡಿದ್ದಾಯಿತು. ಕುಂಕುಮ ಕಲಬೆರಕೆ. ಇಟ್ಟಿಗೆ ಪುಡಿ ಬೆರೆಸಿದ್ದಾನೆ ಕಳ್ಳ. ಅಂಗಡಿಗೆ ಹೋಗಿ ಅವನ ಮುಖದ ಮೇಲೇ ಬೈದು ಬಂದೆ. "ಚೆನ್ನಾಗೇ ಇದ್ಯಲ್ಲೇ" ಎಂದ ಮುರುಗೇಶ್. ಈ ಗಂಡಸರಿಗೆ ಬಣ್ಣ ಯಾವಾಗ ಕಂಡಿದೆ?

ಒಂದು ಒಳ್ಳೆಯ ಸುದ್ದಿ ಎಂದರೆ ಬಚ್ಚಲಿನ ಹೆದರಿಕೆ ತೀರಿದೆ. ಕಿತ್ತಳೆ ಹೋಗಿ ಮಾಮೂಲಿಯಂತಾಗಿದೆ. ಮೈ ಮಾತ್ರೆಗೆ ಒಗ್ಗಿಕೊಂಡಿರಬೇಕು.

ಅಕ್ಟೋಬರ್ 14, ಮಂಗಳವಾರ

ಇವತ್ತು ಸಾಯುತ್ತಿದ್ದೆ.

ಕೋಗಿಲು ಕ್ರಾಸ್ ಸಿಗ್ನಲ್. ಮುಂದಿನ ಆಟೋ ಹೊರಟಿತು, ನಾನೂ ಸ್ಕೂಟರ್ ಬಿಟ್ಟೆ. ಬಲಗಡೆಯಿಂದ ಬಸ್ಸು ಕಿರ್ರೆಂದು ಬ್ರೇಕ್ ಹಾಕಿ ನನ್ನ ಮೊಣಕಾಲಿಗೆ ಒಂದು ಗೇಣು ಬಿಟ್ಟು ನಿಂತಿತು. ಡ್ರೈವರ್ ಅರ್ಧ ಮೈ ಹೊರಗೆ ಹಾಕಿ, "ಕಣ್ ಕಾಣಲ್ವೇನಮ್ಮಾ? ರೆಡ್ ಬಿದ್ದಿದೆ ಅಲ್ಲಿ!" ಎಂದು ಅರಚಿದ. ತಲೆ ಎತ್ತಿ ನೋಡಿದೆ. ದೀಪ ಉರಿಯುತ್ತಿತ್ತು. ಯಾವುದೋ ಒಂದು ದೀಪ. ಮೆಟ್ರೋ ಕೆಲಸದ ಧೂಳು ಕೂತು ಕೂತು ಸಿಗ್ನಲ್‌ಗಳನ್ನು ನೋಡುವ ಹಾಗಿಲ್ಲ, ಒರೆಸುವವರೂ ಇಲ್ಲ. ಸ್ಕೂಟರನ್ನು ತಳ್ಳಿಕೊಂಡೇ ರಸ್ತೆ ದಾಟಿದೆ. 

ಆಫೀಸಿಗೆ ಹೋದರೆ ಅನಂತರಾಜು ಮೇಲಿಂದ ಕೆಳಗೆ ನೋಡಿ ನಕ್ಕ. "ಹೊಸ ಫ್ಯಾಷನ್ನಾ ಮೇಡಂ? ಹಸಿರು ಚೂಡಿದಾರ್‌ಗೆ ಕೆಂಪು ವೇಲು?"

"ಹೂಂ, ಫ್ಯಾಷನ್ನೇ. ನಿಮಗೆಲ್ಲಿ ಅರ್ಥ ಆಗ್ಬೇಕು!" ಎಂದು ಬಾಯಿ ಮುಚ್ಚಿಸಿದೆ.

ಮನೆಗೆ ಬಂದು ಬೀರುವಿನಿಂದ ಇನ್ನೊಂದು ವೇಲ್ ತೆಗೆದು ಎರಡನ್ನೂ ಮಂಚದ ಮೇಲೆ ಹಾಸಿದೆ. ಎರಡೂ ಒಂದೇ. ಒಗೆದು ಒಗೆದು ಬಣ್ಣ ಬಿಟ್ಟಿವೆ. ಸೋಪು ಬದಲಾಯಿಸಬೇಕು. 

ಅಕ್ಟೋಬರ್ 24, ಶುಕ್ರವಾರ

ಮುರುಗೇಶ್ ಏರ್‌ಪೋರ್ಟ್ ಬಾಡಿಗೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಶೇಡ್ ಪುಸ್ತಕ ಬಿಡಿಸಿದೆ. ಕೆಂಪಿನ ಪುಟ. ನಲವತ್ತೆರಡು ಕೆಂಪುಗಳು ನನಗೆ ಬಾಯಿಪಾಠ. ನಲವತ್ತೆರಡೂ ರಾಗಿಮುದ್ದೆ. ಹಸಿರಿನ ಪುಟಕ್ಕೆ ಹೋದೆ. ಅದೂ ರಾಗಿಮುದ್ದೆಯೇ. ಕೆಳಗಿನ ನಂಬರು ಓದೋಣವೆಂದರೆ ನೋಡಿದ ಜಾಗದಲ್ಲೇ ಹೊಗೆ ಕೂತಂತಿದೆ, ಪಕ್ಕಕ್ಕೆ ನೋಡಿದರೆ ಕಾಣುತ್ತದೆ.

ಬಲಗಣ್ಣು ಮುಚ್ಚಿ ನೋಡಿದೆ. ಎಡಗಣ್ಣು ಮುಚ್ಚಿ ನೋಡಿದೆ. ಮುಖ ತೊಳೆದು ಬಂದು ನೋಡಿದೆ.

ಕುತ್ತಿಗೆಯಲ್ಲಿ ಕರಗಿದ್ದು ಎಲ್ಲಿಗೆ ಹೋಯಿತು? ತಲೆಗೇ ಏರಿತೇ? ಡಾಕ್ಟರಮ್ಮನ ಮುಂದೆ ಹೋಗಿ ಕೂತರೆ ಹೌದು ಎಂದುಬಿಡುತ್ತಾರೆ. ಹೋಗದಿದ್ದರೆ ಇನ್ನೂ ಏರಿಲ್ಲ. ಮುರುಗೇಶನಿಗೆ ಹೇಳಿದರೆ ಅವನು ಸ್ಟೇರಿಂಗ್ ಹಿಡಿದುಕೊಂಡು ಇದನ್ನೇ ಯೋಚಿಸುತ್ತಾನೆ, ಅದು ಬೇಡ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಬೆಳಗಾದರೆ ನಾಲ್ಕು, ಗಡಿಯಾರ ನೋಡಿಕೊಂಡು. ಕಾಪಾಡುವುದಿದ್ದರೆ ಅದೇ ಕಾಪಾಡಬೇಕು.

ಹೆದರಿಕೆ. ಹೆದರಿಕೆ. ಬರೆದರೆ ಇಳಿಯುತ್ತದಂತೆ!

ನವೆಂಬರ್ 3, ಸೋಮವಾರ

ಕೋಗಿಲಿನ ಬೈರಮ್ಮನವರ ಮನೆ. ಹಳೇ ಊರಿನವರು, ಸ್ವಂತ ಜಾಗದಲ್ಲಿ ಕಟ್ಟಿಸಿದ ಮನೆ. ಮಾಕಳಿಯಲ್ಲಿ ಮಗಳ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿ ಅಲ್ಲಿಗೆ ಹೋಗಿದ್ದಾರೆ. ಇದು ಎಂಟು ತಿಂಗಳಿಂದ ಬಿಕರಿಯಾಗದೆ ಕೂತಿದೆ. ಹಾಲ್ ದೊಡ್ಡದು, ಮಾತಾಡಿದರೆ ಸದ್ದು ಮರಳುತ್ತದೆ. ನೆಲ ಕಾಲಿಗೆ ತಣ್ಣಗೆ. ಗೋಡೆಯ ಮೇಲೆ ಕೈಯಾಡಿಸಿದರೆ ಬಣ್ಣದಡಿಯ ಹಳೇ ಪುಟ್ಟಿ ಪುಡಿಪುಡಿಯಾಗಿ ಬೆರಳಿಗೆ ಬರುತ್ತದೆ, ಮುಚ್ಚಿಟ್ಟ ಮನೆಯ ಮುಗ್ಗು ವಾಸನೆ.

"ಬಂದೋರೆಲ್ಲ ನೀರ್ ಕುಡ್ದು ಓಯ್ತಾರೆ ಕಣವ್ವ" ಎಂದರು ಬೈರಮ್ಮ. "ಏನಾರ ಮಾಡು. ನೋಡ್ದೋರು ನಿಂತ್ಕಬೇಕು, ಅಂಗೆ."

ಹಲಸಿನೆಲೆಯ ಹಸಿರು ಎಂದು ಹೇಳಿ, ಕಲಸಿಟ್ಟು ಹೊರಟೆ. ಕಲಸುವುದೇ ಕಷ್ಟವಾಯಿತು. ಎಷ್ಟು ಬಿಟ್ಟರೂ ಹಸಿರು ಏರದು. ಅದೇ ಬಾಟಲಿಯಿಂದ ಬಿಟ್ಟೆ, ಇನ್ನೂ ಬಿಟ್ಟೆ, ಕೊನೆಗೆ ಸಾಕೆನ್ನಿಸಿತು. ಕ್ರಾಸ್ ತಲುಪಿದ ಮೇಲೆ ಹೆಲ್ಮೆಟ್ ಮರೆತದ್ದು ನೆನಪಾಗಿ ವಾಪಸ್ಸು ಬಂದೆ.

ಒಳಗೆ ಬಕೆಟ್ ಎರಡು. ನಾನು ಕಲಸಿದ್ದನ್ನು ಮೂಲೆಗೆ ಸರಿಸಿ ಗೋಣಿಚೀಲ ಮುಚ್ಚಿದ್ದಾರೆ. ಇನ್ನೊಂದರಲ್ಲಿ ಭಾಯಿ ತಾವೇ ಹೊಸದಾಗಿ ಕಲಸುತ್ತಿದ್ದಾರೆ. ಪಕ್ಕದಲ್ಲಿ, ನೆಲದ ಮೇಲೆ, ಒಂದು ಹಲಸಿನೆಲೆ.

"ಏನ್ ಭಾಯಿ ಇದು?"

ಕೋಲು ಕೈಯಿಂದ ಜಾರಿತು. "ಏನಿಲ್ಲಮ್ಮಾ... ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು..."

"ಏನ್ ಹೆಚ್ಚು, ಏನ್ ಕಮ್ಮಿ? ಬಾಯ್ಬಿಟ್ಟು ಹೇಳಿ."

"ನೀವು ಹಸಿರು ಅಂದ್ರಿ. ಆ ಬಕೆಟ್‌ನಾಗೆ ಹಸಿರು ಇಲ್ಲಮ್ಮಾ."

ಬಾಯಿಗೆ ಬಂದಂತೆ ಬೈದೆ. ನನ್ನ ಹೆಸರು ಕೆಡಿಸುತ್ತೀರಾ ಎಂದೆ, ಅಂಗಡಿಯಲ್ಲಿ ಕೆಲಸ ಕಲಿಸಿದವಳೇ ನಾನು ಎಂದೆ.  ಬೈದು ಬೈದು ಉಸಿರು ಖಾಲಿಯಾದ ಮೇಲೆ ಕೇಳಿದೆ.

"ಇದು ಎಷ್ಟನೇ ಸಲ?"

"ಯಶವಂತಪುರದಿಂದ, ಅಮ್ಮಾ. ಇದು ನಾಲ್ಕನೇ ಮನೆ."

ನಾಲ್ಕು ಮನೆ! ನಾನು ಹತ್ತು ದಿನದಿಂದ ಹೆದರುತ್ತಿದ್ದೇನೆ, ಈ ಮನುಷ್ಯ ಒಂದೂವರೆ ತಿಂಗಳಿಂದ ನನ್ನ ಕಣ್ಣಾಗಿ ದುಡಿದಿದ್ದಾರೆ.

"ಯಾಕ್ ಹೇಳ್ಲಿಲ್ಲ?"

"ದಿನಾ ಹೇಳೋಣ ಅಂತ್ಲೇ ಬರ್ತೀನಿ. ನಿಮ್ ಮುಖ ನೋಡಿದ್ ತಕ್ಷಣ ಬಾಯಿ ಕಟ್ಟೋಗ್ತದೆ. ನಿಮಗೆ ಭಯ ಆಗೋದು ನಂಗೆ ನೋಡಕ್ಕಾಗಲ್ಲಮ್ಮಾ."

ಹೆಲ್ಮೆಟ್ ತೆಗೆದುಕೊಳ್ಳದೇ ಬಂದುಬಿಟ್ಟೆ.

ನವೆಂಬರ್ 4, ಮಂಗಳವಾರ

ಬೆಳಿಗ್ಗೆ ಏಳಕ್ಕೇ ಹೋಗಿ ಭಾಯಿಗೆ ಹೇಳಿದೆ, ನಾನು ಕಲಸಿದ್ದನ್ನೇ ಹಚ್ಚಿ. ಒಂದು ಹನಿ ಆಚೀಚೆ ಮಾಡಬೇಡಿ.

"ಬೇಡಮ್ಮಾ. ಬೈರಮ್ಮ ಕೂಗಾಡ್ತಾರೆ."

"ಕೂಗಾಡ್ಲಿ. ನೀವು ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳಿದ್ರಿ. ಅವರು ಕಂಡಿದ್ದನ್ನೇ ಹೇಳ್ತಾರೆ."

ಗೋಣಿಚೀಲ ತೆಗೆದರು. ರೋಲರಿನ ಚಪಚಪ ಸದ್ದು ಮಧ್ಯಾಹ್ನದವರೆಗೂ. ಎರಡು ಕೋಟ್. ಬಾಗಿಲ ಬಳಿ ಕಾಲು ಚಾಚಿ ಕೂತು ನೋಡುತ್ತಲೇ ಇದ್ದೆ. ನನಗೆ ಕಂಡದ್ದು ಹಸಿರೇ. ಸ್ವಲ್ಪ ಒಣಗಿದ, ಸ್ವಲ್ಪ ಸುಸ್ತಾದ ಹಸಿರು. ಭಾಯಿಗೆ ವಯಸ್ಸಾಗಿದೆ, ಅವರ ಕಣ್ಣೇ ಕೆಟ್ಟಿರಲಿ ಎಂದು ಒಂದು ಗಳಿಗೆ ಆಸೆಪಟ್ಟೆ. ಛೀ, ಎಂಥವಳು ನಾನು.

ನವೆಂಬರ್ 5, ಬುಧವಾರ

ಬೈರಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಂದವರು ಹಾಗೆಯೇ ನಿಂತರು. ನಾನು ಗೋಡೆ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದೆ. ಬಾಯಿಗೆ ಸೆರಗು ಹೋಯಿತು.

"ಇದೇನ್ ಮಾಡ್ಬುಟ್ಟೆ ತಾಯಿ? ಗ್ವಾಡೆಗೆ ರಗತ ಎರಚ್ದಂಗೈತಲ್ಲವ್ವ!"

 "ಬಣ್ಣದ ಹೆಸರು ಹೇಳಿ ಬೈರಮ್ಮನೋರೇ. ಅದು ಯಾವ ಬಣ್ಣ?"

"ಕೆಂಪು ಕಣವ್ವ, ಇನ್ಯಾವ್ದು? ಕಾಣಕ್ಕಿಲ್ವಾ ನಿಂಗೆ?"

"ಇಲ್ಲ" ಎಂದೆ.

ಹೇಳಿಬಿಟ್ಟೆ. ಮೊದಲನೇ ಸಲ, ಗಟ್ಟಿಯಾಗಿ, ಇನ್ನೊಬ್ಬರ ಮುಂದೆ. ಹೇಳಿದ ಮೇಲೆ ನೆಲದ ಮೇಲೆ ಮಂಡಿಯೂರಿ ಕೂತೆ. ಬೈರಮ್ಮ ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡರು. ಅಳುತ್ತಾ ಅಳುತ್ತಾ ಟಿಬಿ, ಮಾತ್ರೆ, ಬಸ್ಸು, ವೇಲು ಎಲ್ಲವೂ ಬಾಯಿಂದ ಹೊರಗೆ ಬಿತ್ತು. ಟಿಬಿ ಎಂದಾಗ ಅವರು ಕೈ ತೆಗೆಯುತ್ತಾರೇನೋ ಎಂದು ಕಾದೆ. ವೇಲ್ ಸರಿಸಿ ಕುತ್ತಿಗೆ ಮುಟ್ಟಿ ನೋಡಿದರು. "ಇಷ್ಟಿಟ್ಕಂಡು ಒಬ್ಳೇ ಅಲೀತಿದ್ದೀಯಲ್ಲೇ! ಭಾಯಿ, ಇವ್ಳ ಗಂಡಂಗೆ ಪೋನ್ ಮಾಡಿ" ಎಂದರು.

ಭಾಯಿ ಆಚೆ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು.

ನವೆಂಬರ್ 6, ಗುರುವಾರ

ಡಾಕ್ಟರಮ್ಮ ಒಂದು ಪುಸ್ತಕ ತೋರಿಸಿದರು. ಪುಟದ ತುಂಬಾ ಚುಕ್ಕಿ, ಅದರೊಳಗೆ ಅಂಕಿ ಇರುತ್ತದಂತೆ. ಮೊದಲ ಪುಟದ ಹನ್ನೆರಡು ಕಂಡಿತು. ಆಮೇಲೆ ಬರೀ ಸಾಸಿವೆ ಚೆಲ್ಲಿದ ಹಾಗೆ. 

"ತಲೆಗೆ ಏರಿದ್ಯಾ ಮೇಡಂ?"

"ಕಾಯಿಲೆ ಏರಿಲ್ಲಮ್ಮ. ಈ ಮಾತ್ರೆಯೊಳಗಿರೋ ಒಂದು ಔಷಧಿ ಕೆಲವರ ಕಣ್ಣಿನ ನರಕ್ಕೆ ಹೊಡೆಯುತ್ತೆ. ಕೆಂಪು ಹಸಿರು ಮೊದಲು ಹೋಗುತ್ತೆ. ತೂಕದ ಮೇಲೆ ನಿಂತ್ಕೊಳ್ಳಿ."

ನಿಂತೆ.

"ಬ್ಯಾಗ್ ಇಳಿಸಿ. ನಲವತ್ತೇಳು. ಜುಲೈಯಲ್ಲಿ ಐವತ್ತು ಅಂತ ಬರೆದಿದೆ. ಗಂಟು ಕರಗಿದೆ, ಊಟ ಸೇರ್ತಿದೆ ಅಂತೀರಿ. ತೂಕ ಏರ್ಬೇಕಿತ್ತು, ಮೂರು ಕೆಜಿ ಹೇಗೆ ಇಳೀತು?"

ಮುರುಗೇಶ್ ನನ್ನ ಮುಖ ನೋಡಿದ. ನಾನು ನೆಲದ ಮೇಲಿದ್ದ ಚೀಲ ನೋಡಿದೆ. ಶೇಡ್ ಪುಸ್ತಕ, ಎಂಟು ಸ್ಟೇನರ್ ಬಾಟಲಿ. ಜುಲೈಯಲ್ಲಿ ನರ್ಸ್ ಇಳಿಸಿ ಎಂದಿದ್ದರು. "ಇಳಿಸಿದ್ರೆ ಬಾಟ್ಲು ಸೋರುತ್ತೆ, ಹಿಂಗೇ ನೋಡ್ಕೊಳ್ಳಿ" ಎಂದು ನಾನೇ ಗದರಿದ್ದೆ. ಐವತ್ತಾದರೆ ನಾಲ್ಕು ಮಾತ್ರೆ, ಅದಕ್ಕೆ ಕಡಿಮೆಯಾದರೆ ಮೂರು. ನಾಲ್ಕು ತಿಂಗಳು ನಾನು ನನ್ನ ಬಣ್ಣಗಳ ತೂಕಕ್ಕೂ ಸೇರಿಸಿ ಔಷಧಿ ನುಂಗಿದ್ದೇನೆ.

"ಕಣ್ಣು ಮಂಜಾದ್ರೆ, ಬಣ್ಣ ತಪ್ಪಿದ್ರೆ ಅವತ್ತೇ ಓಡಿ ಬನ್ನಿ ಅಂತ ಹೇಳಿರ್ತಾರಲ್ಲ?"

ಹೇಳಿದ್ದರು. ಆ ಹೊತ್ತಿನಲ್ಲಿ ನಾನು ನರ್ಸಿನ ಬೆನ್ನಹಿಂದಿನ ಗೋಡೆಯ ಹಸಿರು ನೋಡುತ್ತಾ, ಇದನ್ನು ಯಾವ ಪುಣ್ಯಾತ್ಮ ಕಲಸಿದನೋ ಎಂದುಕೊಳ್ಳುತ್ತಿದ್ದೆ.

ಆ ಔಷಧಿ ಇವತ್ತಿನಿಂದ ಬಂದ್. ಉಳಿದವು ಬೇರೆ ಲೆಕ್ಕದಲ್ಲಿ ಮುಂದುವರಿಯುತ್ತವೆ. "ಇನ್ನೊಂದ್ ತಿಂಗ್ಳು ತಡವಾಗಿದ್ರೆ?" ಎಂದು ಮುರುಗೇಶ್ ಕೇಳಿದ. "ಆ ಮಾತು ಈಗ ಬೇಡ" ಎಂದರು ಡಾಕ್ಟರಮ್ಮ. ಹೋದ ಕಣ್ಣು ಬರುತ್ತದೆಯೇ ಎಂದು ನಾನು ಕೇಳಿದೆ. "ಬಹಳ ಜನಕ್ಕೆ ಬರುತ್ತೆ. ನಿಧಾನ. ಕಾಯ್ಬೇಕು" ಎಂದರು. ಬಹಳ ಜನ ಎಂದರೆ ಎಲ್ಲರೂ ಅಲ್ಲ.

ಕಾರಿನಲ್ಲಿ ಮುರುಗೇಶ್ ಕೀ ಹಾಕದೆ ನನ್ನ ಕಡೆ ತಿರುಗಿದ. "ನಂಗೊಂದ್ ಮಾತ್ ಹೇಳ್ಬಾರ್ದಿತ್ತೇನೇ?" ಎಂದ. ಸ್ಕೂಟರಿನ ಕೀಯನ್ನು ನನ್ನ ಚೀಲದಿಂದ ತೆಗೆದು ಜೇಬಿಗೆ ಹಾಕಿಕೊಂಡ. ನಾನು ಜಗಳ ಆಡಲಿಲ್ಲ.

ನವೆಂಬರ್ 13, ಗುರುವಾರ

ನನ್ನ ಗ್ರಹಚಾರಕ್ಕೆ ನಗಬೇಕೋ ಅಳಬೇಕೋ. ಭಾಯಿ ಆ ಗೋಡೆಗೆ ಬೇರೆ ಬಣ್ಣ ಹಚ್ಚುವ ಮೊದಲೇ ಅನಂತರಾಜು ಬಂದು ಫೋಟೋ ತೆಗೆದು ಹಾಕಿಬಿಟ್ಟಿದ್ದಾನೆ. ಎಂಟು ತಿಂಗಳು ನೊಣವೂ ಕೂರದ ಮನೆಗೆ ಫೋನಿನ ಮೇಲೆ ಫೋನು.

"ಆ ಗೋಡೆನ ಯಾರೂ ಮುಟ್ಬೇಡಿ ಮೇಡಂ! ಏನ್ ಧೈರ್ಯ ರೀ ನಿಮ್ದು! ಆರ್.ಟಿ. ನಗರದ ಪಾರ್ಟಿ ಒಬ್ರು ತಮ್ ಮನೆಗೂ ಅದೇ ಕೆಂಪು ಬೇಕಂತಾರೆ, ಹೆಬ್ಬಾಳದಲ್ಲೂ ಒಬ್ರು ಕೇಳ್ತಿದ್ದಾರೆ."

ಧೈರ್ಯವಂತೆ! ಹದಿನೈದು ನಿಮಿಷ ಅವನ ಆಫೀಸಿನಲ್ಲಿ ಕೂತು ಹೊಗಳಿಕೆ ಕೇಳಿಸಿಕೊಂಡೆ. ಇನ್ನೊಂದು ಸಲ ಅದೇ ಕೆಂಪು ತಾ ಎಂದರೆ ನಾನು ಎಲ್ಲಿಂದ ತರಲಿ? ಹೇಳಿಬಿಟ್ಟೆ. ಟಿಬಿಯಿಂದ ಹಿಡಿದು ಬಾಟಲಿಯವರೆಗೆ, ಒಂದೂ ಬಿಡದೆ.

ಅನಂತರಾಜು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. "ಅಂಟಲ್ಲ ತಾನೇ?"

"ಅಂಟಲ್ಲ."

"ಡಾಕ್ಟ್ರೇ ಹೇಳಿದ್ದಾ?"

"ಹೂಂ, ಅವರೇ."

ಅರ್ಧ ಕುಡಿದಿದ್ದ ಟೀ ಲೋಟವನ್ನು ಮತ್ತೆ ಮುಟ್ಟಲಿಲ್ಲ. ಆರ್.ಟಿ. ನಗರದ್ದು ಆಮೇಲೆ ನೋಡೋಣ ಎಂದ.  ಕೆಲಸ ಹೋಯಿತು ಎಂದುಕೊಂಡಿದ್ದೇನೆ.

ನವೆಂಬರ್ 20, ಗುರುವಾರ

ಕೋಗಿಲಿಗೆ ಹೋಗಿ, ಕೆಂಪು ಕಾಣುತ್ತದೇನೋ ಎಂದು ಗೋಡೆಯ ಮುಂದೆ ನಿಂತೆ. ಇಲ್ಲ.

ಅನಂತರಾಜುವಿನ ಫೋನೂ ಇಲ್ಲ.

ನವೆಂಬರ್ 27, ಗುರುವಾರ

ಇಲ್ಲ.

ಮನೆ ಮಾತ್ರ ಬಿಕರಿಯಾಯಿತು. ಕೊಳ್ಳುವವಳು ಗಜಾಲಾ, ಏರ್‌ಪೋರ್ಟಿನಲ್ಲಿ ಕೆಲಸ, ಅಮ್ಮನ ಜೊತೆ ಬಂದಿದ್ದಳು. ನಾನು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದುದನ್ನು ನೋಡಿ ಮನೆ ಕೊಳ್ಳಲು ಬಂದ ಇನ್ನೊಬ್ಬಳೆಂದು ಗಾಬರಿಯಾದಳಂತೆ. ನಾನೇ ಇದನ್ನು ಮಾಡಿದ್ದು ಎಂದೆ.

"ಅಯ್ಯೋ ಸಖತ್ತಾಗಿದೆ ಮೇಡಂ! ನೂರಾರು ಮನೆ ಫೋಟೋ ನೋಡಿ ಸುಸ್ತಾಗಿದ್ದೆ. ಇದೊಂದು ಬಂದಾಗ ಕೈ ನಿಂತ್ಬಿಡ್ತು. ಆದ್ರೆ ತಪ್ಪು ತಿಳ್ಕೋಬೇಡಿ, ಬಂದ್ಮೇಲೆ ಬಿಳಿ ಮಾಡಿಸ್ತೀನಿ. ಇದರ ಮುಂದೆ ಕೂತು ದಿನಾ ಊಟ ಮಾಡಕ್ಕಾಗಲ್ಲ ನನ್ ಕೈಲಿ."

ತಪ್ಪೇನೂ ತಿಳಿಯಲಿಲ್ಲ. ಹೆಬ್ಬೆರಳು ನಿಲ್ಲಿಸುವುದಕ್ಕೇ ಗಾಢ ಗೋಡೆ, ಬದುಕುವುದಕ್ಕಲ್ಲ ಎಂದು ಎಷ್ಟೋ ಜನಕ್ಕೆ ನಾನೇ ಹೇಳಿದ್ದೇನೆ. ಆದರೂ, ನನ್ನ ಹೆಸರು ಹೇಳಿ ಜನ ಹೊಗಳುತ್ತಿರುವ ಗೋಡೆ ಅದು. ನಾನಿನ್ನೂ ಅದನ್ನು ನೋಡಿಯೇ ಇಲ್ಲ. ನೋಡುವ ಮೊದಲೇ ಹೋಗುತ್ತದೆ.

ಡಿಸೆಂಬರ್ 7, ಭಾನುವಾರ

ಇಲ್ಲ. ಸಣ್ಣಕ್ಷರದ ಮೇಲಿನ ಹೊಗೆ ಸ್ವಲ್ಪ ತೆಳುವಾಗಿದೆ ಎನ್ನಿಸಿತು. ಅದೂ ಎನ್ನಿಸಿದ್ದೇ ಇರಬಹುದು.

ಅನಂತರಾಜು ಕೊನೆಗೂ ಫೋನ್ ಮಾಡಿದ. ನನ್ನ ಬದಲು ಇನ್ಯಾರನ್ನೋ ಹೆಬ್ಬಾಳದ ಮನೆಗೆ ಕರೆಸಿದ್ದನಂತೆ, ಅವರು ಕೆನೆ ಬಣ್ಣ ಬಳಿದು ಹೋದರಂತೆ. "ನೀವ್ ಬನ್ನಿ ಮೇಡಂ. ಬಣ್ಣ ಕಲಸೋದನ್ನ ಭಾಯಿ ನೋಡ್ಕೊಳ್ಲಿ. ಯಾವ್ ಗೋಡೆ ಅನ್ನೋದು ನೀವ್ ಹೇಳಿದ್ರೆ ಸಾಕು" ಎಂದ. ಹೋದೆ. ಹೊಸ ಬಾಟಲಿಗಳಿಗೆ ಭಾಯಿ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದರು. ಯಾವ ಬಣ್ಣ ಎಂದು ಅವರು ಕೇಳಿದಾಗ, "ನಿಮಗೆ ಏನನ್ಸುತ್ತೆ ಭಾಯಿ?" ಎಂದೆ. ಅವರು ಬಾಟಲಿ ಕೆಳಗಿಟ್ಟು ನನ್ನನ್ನೇ ನೋಡಿದರು. ಹದಿನಾಲ್ಕು ವರ್ಷದಲ್ಲಿ ಇದನ್ನು ಒಂದು ಸಲವೂ ಕೇಳಿರಲಿಲ್ಲವಂತೆ ನಾನು. ಇರಲಿಕ್ಕಿಲ್ಲ.

ಡಿಸೆಂಬರ್ 12, ಶುಕ್ರವಾರ

ಧನುರ್ಮಾಸ ಹಿಡಿಯುವ ಮೊದಲೇ ಆಗಬೇಕೆಂದು ಬೈರಮ್ಮ ಹಟ ಹಿಡಿದು ಇವತ್ತು ರಿಜಿಸ್ಟ್ರೇಷನ್ ಮುಗಿಸಿದರು. ನನಗೆ ಎಲೆ ಅಡಿಕೆ, ಕುಂಕುಮ ಕೊಟ್ಟರು. ಕುಂಕುಮವನ್ನು ಬಹಳ ಹೊತ್ತು ನೋಡಿದೆ. ಅವರು ನಾನು ನೋಡುವುದನ್ನು ನೋಡಿದರು. 

ಗಜಾಲಾ ಮನೆಯವರಿಗೆ ಧನುರ್ಮಾಸದ ತೊಡಕಿಲ್ಲ. ಸೋಮವಾರ, ಇಪ್ಪತ್ತೆರಡಕ್ಕೆ ಬಿಳಿ ಹಚ್ಚಲು ಹಬೀಬುಲ್ಲಾ ಭಾಯಿಗೇ ಹೇಳಿದ್ದಾರೆ.

ಹತ್ತು ದಿನ.

ಡಿಸೆಂಬರ್ 21, ಭಾನುವಾರ

ಇಲ್ಲ. ನಾಳೆ ಹೋಗಬೇಡ ಎನ್ನುತ್ತಾನೆ ಮುರುಗೇಶ್.

ಡಿಸೆಂಬರ್ 22, ಸೋಮವಾರ

ಹೋದೆ. ಮುರುಗೇಶನೇ ಬಿಟ್ಟು ಹೋದ.

ಭಾಯಿ ಗೋಡೆ ಉಜ್ಜಿ ಒರೆಸಿ, ನೆಲಕ್ಕೆ ಕಾಗದ ಹಾಸದೆ ನನಗಾಗಿ ಕಾಯುತ್ತಿದ್ದರು. "ಇನ್ನೊಂದ್ ವಾರ ಬಿಡಿ ಅಂತ ಗಜಾಲಾಗೆ ನಾನ್ ಹೇಳ್ತೀನಿ ಅಮ್ಮಾ. ಜ್ವರ ಬಂದಿದೆ ಅಂತೀನಿ."

"ಇನ್ನು ನನಗೋಸ್ಕರ ಸುಳ್ಳು ಬೇಡ ಭಾಯಿ. ಶುರು ಮಾಡಿ."

ಎಡಗಡೆಯಿಂದ ಶುರು ಮಾಡಿದರು. ರೋಲರ್ ಮೇಲೆ ಹೋಯಿತು, ಕೆಳಗೆ ಬಂತು. ಹಸಿ ಬಣ್ಣದ ವಾಸನೆ ಹಾಲ್ ತುಂಬಿತು. ನಾನು ಅವರ ಬೆನ್ನಿಗೆ ಒಂದು ಮೊಳ ದೂರದಲ್ಲಿ ನಿಂತಿದ್ದೆ.  ಒಂದು ಪಟ್ಟಿ ಬಿಳಿ, ಎರಡು ಪಟ್ಟಿ ಬಿಳಿ. ಉಳಿದದ್ದೆಲ್ಲ ನನಗೆ ಅದೇ ಒಣಗಿದ, ಸುಸ್ತಾದ ಬಣ್ಣ. ಮೂರನೇ ಪಟ್ಟಿ ಅರ್ಧಕ್ಕೆ ಬಂದಾಗ, ಬಿಳಿ ತಾಗಿದ ಅಂಚಿನಲ್ಲಿ ಏನೋ ಎದ್ದು ಬಂತು.

"ನಿಲ್ಸಿ ಭಾಯಿ!"

ಬೆರಳಗಲದ ಒಂದು ಗೆರೆ. ಪಕ್ಕದ ಬಿಳಿಗೆ ಹೆದರದೆ ಎದುರು ನಿಂತ ಹಾಗೆ.

"ಅಮ್ಮಾ, ಏನಾಯ್ತು? ಅದು..."

"ಹೆಸರು ಹೇಳ್ಬೇಡಿ!" ಎಂದು ಕಿರುಚಿದೆ. "ದಮ್ಮಯ್ಯ, ನೀವ್ ಹೇಳ್ಬೇಡಿ."

ಕಂಡಿತೋ, ಕಾಣಲೇಬೇಕೆಂಬ ಹಂಬಲಕ್ಕೆ ಕಂಡಿತೋ. ಒಂದು ಸಲ ಕಣ್ಣು ಮುಚ್ಚಿ ತೆರೆದರೆ ತಿಳಿಯುತ್ತಿತ್ತು. ಮುಚ್ಚಲು ಹೆದರಿಕೆಯಾಯಿತು. ನೀರು ತುಂಬಿ ಉರಿಯುತ್ತಿದ್ದರೂ ರೆಪ್ಪೆ ಹೊಡೆಯದೆ ಆ ಗೆರೆಯನ್ನೇ ನೋಡುತ್ತಾ ನಿಂತೆ. ಎತ್ತಿ ಹಿಡಿದ ರೋಲರಿನಿಂದ ಬಿಳಿ ತೊಟ್ಟಿಕ್ಕಿ ಗಜಾಲಾಳ ನೆಲವೆಲ್ಲ ಹಾಳಾಗುತ್ತಿತ್ತು. ಭಾಯಿ ಅಲುಗಲಿಲ್ಲ.